ಕಾಲಡಿಯ ಮಣ್ಣು, ನೆತ್ತಿಯ ಮೇಲಿನ ಮಣ್ಣು

ಜಾವಾ ದ್ವೀಪದ ಒಂದು ಹಳ್ಳಿಯಲ್ಲಿ ಸುರ್ತಿ ಎಂಬ ಹೆಂಗಸು ಹೇಳಿದ್ದೆಷ್ಟು, ಅದಕ್ಕೆ ನಾನು ಸೇರಿಸಿದ್ದೆಷ್ಟು ಎಂದು ಇವತ್ತು ಯಾರಾದರೂ ಕೇಳಿದರೆ ಆಣೆ ಮಾಡಿ ಹೇಳಲಾರೆ. ಆಕೆ ಜಾವಾ ಭಾಷೆಯಲ್ಲಿ ಹೇಳಿದರು. ಗೈಡ್ ಅದನ್ನು ಇಂಗ್ಲಿಷಿಗೆ ತಂದ. ನಾನು ಇಂಗ್ಲಿಷಿನಿಂದ ಕೊಟ್ರೇಶ ಮಾಮನಿಗೆ ಕನ್ನಡದಲ್ಲಿ ಹೇಳಿದೆ. ಮೂರು ಬಾಯಿ ದಾಟಿ ಬಂದ ಮಾತು. ಮೂರನೆಯ ಬಾಯಿ ಆಗ ಸಿಟ್ಟಿನಲ್ಲಿತ್ತು.

ಬರೆದುಕೊಳ್ಳಲು ಪುಸ್ತಕವಾದರೂ ಉಳಿದಿದ್ದರೆ ನೋಡಿ ಹೇಳಬಹುದಿತ್ತು. ಅದು ಪ್ರವಾಸದ ಮೊದಲ ದಿನವೇ ನೀರು ಕುಡಿದು ಹೋಯಿತು. ಹಾಗಾಗಿ ಮುಂದೆ ಬರುವುದೆಲ್ಲ ನೆನಪಿನ ಮೇಲೆ ಬರೆದದ್ದು. ನನ್ನ ನೆನಪಿನ ಮೇಲೆ ನನಗೆ ಅಂಥ ಗೌರವವೇನೂ ಇಲ್ಲ.

ಹೊರಡುವ ಮೊದಲು, ತಂಬ್ರಹಳ್ಳಿ

ಮಾಮ ಅಂದರೆ ಅಕ್ಕನ ಗಂಡ. ಹಗರಿಬೊಮ್ಮನಹಳ್ಳಿಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ, ಮನೆ ತಂಬ್ರಹಳ್ಳಿಯಲ್ಲಿ. ಎರಡು ಸಾವಿರದ ಏಳನೆಯ ಇಸವಿ. ಹೆಚ್ಚು ಸಿಮೆಂಟು ಮಾರಿದ ವ್ಯಾಪಾರಿಗಳನ್ನು ಕಂಪನಿಯವರು ಜೋಡಿಯಾಗಿ ಜಾವಾಕ್ಕೆ ಕರೆದುಕೊಂಡು ಹೋಗುವುದಿತ್ತು. ಅಕ್ಕ ಒಲ್ಲೆ ಎಂದಳು.

"ಆಕಾಶದಾಗ ಕುಂತು ನಾ ಏನ್ ನೋಡ್ಲಿ? ಇವನ್ನ ಕರಕೊಂಡು ಹೋಗ್ರಿ. ಇಂಗ್ಲಿಷ್ ಬರ್ತೈತಿ, ಹೆಂಗೂ ಕೆಲಸಾನೂ ಇಲ್ಲ."

ಕೆಲಸ ಇರಲಿಲ್ಲವೆಂದಲ್ಲ. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ ಮೂರು ಕಡೆ ಸೇರಿ ಮೂರು ಕಡೆಯೂ ಜಗಳವಾಡಿ ಬಿಟ್ಟಿದ್ದೆ. ನಾಲ್ಕನೆಯದು ಕೂಡ್ಲಿಗಿಯಲ್ಲಿ ತಾತ್ಕಾಲಿಕ ಉಪನ್ಯಾಸಕನ ಕೆಲಸ, ಅದಕ್ಕೆ ಬೇಸಿಗೆ ರಜೆ. ಮಾಮ ನನ್ನನ್ನು ಹೆಸರಿನಿಂದ ಕರೆದದ್ದೇ ಕಡಿಮೆ. "ನಮ್ಮ ಎಮ್ಮೆಸ್ಸಿ" ಎನ್ನುತ್ತಿದ್ದ.

ಆ ಹೊತ್ತಿಗೆ ನಾನೂ ಅವನೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಕಾರಣ ಅವನ ಮನೆಯ ಮಾಳಿಗೆ. ನಮ್ಮ ಕಡೆ ಕಲ್ಲು ಮಣ್ಣಿನ ಗೋಡೆ, ತೊಲೆ ಜಂತಿ, ಅದರ ಮೇಲೆ ಮಣ್ಣು. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಸೋರದಿರಲಿ ಎಂದು ಸೌಳು ಮಣ್ಣು ತಂದು ಮಾಳಿಗೆಯ ಮೇಲೆ ಇನ್ನೊಂದು ಪದರ ಹಾಕುತ್ತಾರೆ. ಹಾಕುವುದಷ್ಟೇ, ಹಳೆಯದನ್ನು ಇಳಿಸುವ ಪದ್ಧತಿ ಇಲ್ಲ. ಮಾಮನ ತಂದೆ ಆ ಮನೆ ಕಟ್ಟಿದ್ದು ತುಂಗಭದ್ರಾ ಹಿನ್ನೀರಿನಲ್ಲಿ ಅವರ ಊರು ಮುಳುಗಿದ ಮೇಲೆ. ಮುಳುಗುವ ಮನೆಯ ತೊಲೆಗಳನ್ನು ಬಿಚ್ಚಿ ಬಂಡಿಯಲ್ಲಿ ಹೇರಿಕೊಂಡು ಬಂದು ಇಲ್ಲಿ ಕೂರಿಸಿದ್ದರು. ಅಂದಿನಿಂದ ಆ ತೊಲೆಗಳ ಮೇಲೆ ವರ್ಷಕ್ಕೊಂದು ಪದರ ಮಣ್ಣು. ತೊಂಬತ್ತಮೂರರಲ್ಲಿ ಕಿಲ್ಲಾರಿ ಕಡೆ ಭೂಮಿ ನಡುಗಿ ಸಾವಿರಾರು ಜನ ಸತ್ತ ವರ್ಷ ಮಾಮನ ತಂದೆ ಎರಡು ಪದರ ಹಾಕಿಸಿದರಂತೆ. ಭಾರ ಇದ್ದರೆ ಮನೆ ಅಲ್ಲಾಡುವುದಿಲ್ಲ ಎಂಬುದು ಅವರ ಲೆಕ್ಕ.

ಕಿಲ್ಲಾರಿಯಲ್ಲಿ ಜನ ಸತ್ತದ್ದೇ ಅಂಥ ಮಣ್ಣಿನ ಕೆಳಗೆ. ಇದನ್ನು ನಾನು ಎಷ್ಟು ಸಲ ಹೇಳಿದ್ದೆನೋ. ಮಾಮ ಕೇಳಿಸಿಕೊಂಡು, ಜಾವಾದಿಂದ ಬಂದ ಕೂಡಲೇ ಆ ಮಣ್ಣಿನ ಮೇಲೇ ಸಿಮೆಂಟಿನ ಸ್ಲ್ಯಾಬ್ ಹಾಕಿಸುವುದು ಎಂದು ಗೊತ್ತುಮಾಡಿದ. ಗಾರೆಯವರಿಗೆ ದಿನವನ್ನೂ ಹೇಳಿಬಿಟ್ಟಿದ್ದ.

"ಮಣ್ಣು ಇಳಸ್ರಿ ಮಾಮ. ಸ್ಲ್ಯಾಬ್ ಆಮೇಲೆ ನೋಡೋಣು. ಕೆಳಗ ನಿಮ್ಮ ಮಕ್ಕಳೇ ಮಲಗೋದು."

"ಗುಡೇಕೋಟಿ ಗುಡ್ಡ ನೋಡೀಯೇನ್ಲೇ? ಒಂದರ ಮ್ಯಾಲ ಒಂದು ಆನಿಯಂಥ ಬಂಡಿಗಲ್ಲು ಕುಂತಾವ. ಅಲ್ಲಾಡ್ಯಾವೇನು? ನಮ್ಮದು ಗಟ್ಟಿ ನೆಲ. ಭೂಕಂಪ ಇಲ್ಲಿಗೆ ಬರಂಗಿಲ್ಲ."

ಇದಕ್ಕೆ ನನ್ನ ಸಿಟ್ಟು ಮಾಮನ ಮೇಲಷ್ಟೇ ಅಲ್ಲ. ದಖನ್ನಿನ ನೆಲ ಗಟ್ಟಿ, ಅಲ್ಲಾಡುವುದಿಲ್ಲ ಎಂದು ನನಗೂ ತರಗತಿಯಲ್ಲಿ ಬರೆಸಿದ್ದರು. ಬರೆದುಕೊಂಡು, ಪರೀಕ್ಷೆಯಲ್ಲಿ ಅದನ್ನೇ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಆಮೇಲೆ ಕಿಲ್ಲಾರಿಯಾಯಿತು. ಅದೂ ದಖನ್ನಿನ ಕಲ್ಲಿನ ನೆಲವೇ. ಅಂಕ ಮಾತ್ರ ಯಾರೂ ವಾಪಸು ಕೇಳಲಿಲ್ಲ.

ಸೆಮರಾಂಗ್

ಸೆಮರಾಂಗ್ ಜಾವಾದ ಉತ್ತರ ದಂಡೆಯ ಬಂದರು. ಬಸ್ಸು ಲಾಡ್ಜಿನ ಬೀದಿಗೆ ತಿರುಗಿದರೆ ಬೀದಿಯೆಲ್ಲ ನೀರು. ಮೋಡವಿಲ್ಲ, ಮಳೆಯಿಲ್ಲ, ಸುಡುವ ಬಿಸಿಲು. ಜನ ಚಪ್ಪಲಿ ಕೈಯಲ್ಲಿ ಹಿಡಿದು ಮಾತಾಡುತ್ತ ನಡೆಯುತ್ತಿದ್ದರು. ಒಬ್ಬ ಸೈಕಲ್ಲಿನ ಮೇಲೆ ಬ್ರೆಡ್ಡು ಮಾರುತ್ತಿದ್ದ, ಅರ್ಧ ಚಕ್ರ ನೀರಿನಲ್ಲಿ. ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತರೆ ಇಡೀ ಊರು ಪಂಚಾಯ್ತಿ ಮುಂದೆ ನಿಂತಿರುತ್ತದೆ. ಇಲ್ಲಿ ದಿನವೂ ಸಮುದ್ರ ಉಬ್ಬಿದಾಗ ಹೀಗೇ, ಇಳಿದಾಗ ಹೋಗುತ್ತದೆ ಎಂದು ನಮ್ಮ ಗೈಡ್ ಹೇಳಿದ. ವಾಹ್ಯು ಅಂತ ಅವನ ಹೆಸರು, ತೆಳ್ಳನೆಯ ಯುವಕ, ಯಾವಾಗಲೂ ನಗುಮುಖ.

ಬಸ್ಸಿನಿಂದ ಇಳಿಯುವಾಗ ನಾನು ಜಾರಿದೆ. ಚೀಲ ನೀರಿಗೆ ಬಿತ್ತು. ಟಿಪ್ಪಣಿ ಪುಸ್ತಕ ಅದರಲ್ಲಿತ್ತು.

"ಎಮ್ಮೆಸ್ಸಿ ಸಾಹೇಬ್ರು ಸಮುದ್ರದ ಆಳ ನೋಡಾಕತ್ಯಾರ" ಎಂದ ಮಾಮ.

ಲಾಡ್ಜಿನ ಬಾಗಿಲು ನನ್ನ ಎದೆಯ ಎತ್ತರಕ್ಕಿತ್ತು. ಎಲ್ಲರೂ ಬಗ್ಗಿ ಒಳಗೆ ಹೋದೆವು. ಒಳಗಿನ ಕಿಟಕಿಗಳು ನೆಲಕ್ಕೆ ಹತ್ತಿಕೊಂಡಿದ್ದವು. ಇದೆಂಥ ಕುಳ್ಳರ ಮನೆ ಎಂದುಕೊಂಡರೆ, ಒಡತಿ ನಗುತ್ತ ಗೋಡೆಯ ಮೇಲೆ ಮೂರು ಗೆರೆ ತೋರಿಸಿದಳು. ನೀರು ಒಳಗೆ ಬರದಿರಲಿ ಎಂದು ಮೂರು ಸಲ ಮಣ್ಣು ತುಂಬಿ ನೆಲವನ್ನು ಎತ್ತರಿಸಿದ್ದಾರೆ. ಬಾಗಿಲು, ಕಿಟಕಿ, ಛಾವಣಿ ಇದ್ದಲ್ಲೇ ಇವೆ. ಇನ್ನೊಂದು ಸಲ ತುಂಬಿದರೆ ತೆವಳಿಕೊಂಡು ಬರಬೇಕು.

ಹೊಳಲಿನ ಗುರುಪಾದಪ್ಪ ಎಂಬ ವ್ಯಾಪಾರಿ ನಮ್ಮ ತಂಡದಲ್ಲಿದ್ದರು, ಹಿರಿಯರು. ಅವರು ನಿಟ್ಟುಸಿರು ಬಿಟ್ಟು, "ಶೇಷ ಹೆಡಿ ಬದಲಿಸ್ಯಾನ. ಈ ಕಡೆ ಇಳಿದೈತಿ" ಎಂದರು. ಅವರ ಊರಿನ ಗುಡಿಯಲ್ಲಿ ಅನಂತಶಯನ ಹಾವಿನ ಮೇಲೆ ಮಲಗಿದ್ದಾನೆ. ಶೇಷನ ವಿಚಾರದಲ್ಲಿ ಅವರ ಮಾತೇ ಕೊನೆ.

ನನಗೆ ತಡೆಯಲಾಗಲಿಲ್ಲ. ಎಲ್ಲರನ್ನೂ ನಿಲ್ಲಿಸಿ ಪಾಠ ಶುರುಮಾಡಿದೆ. ಭೂಮಿಯ ಮೇಲ್ಪದರ ದೊಡ್ಡ ದೊಡ್ಡ ಹಾಸುಗಳಾಗಿ ಒಡೆದಿದೆ. ನಮ್ಮ ಉಗುರು ಬೆಳೆದಷ್ಟು ನಿಧಾನವಾಗಿ ಅವು ಸರಿಯುತ್ತವೆ. ಇಲ್ಲಿ ಸಮುದ್ರದ ಹಾಸು ಜಾವಾದ ಕೆಳಗೆ ನುಗ್ಗುತ್ತಿದೆ. ಅದು ಎಳೆದುಕೊಂಡು ಹೋಗುತ್ತಿರುವುದರಿಂದ ಈ ದಂಡೆ ಮುಳುಗುತ್ತಿದೆ. ಹಾವಲ್ಲ, ಹೆಡೆಯಲ್ಲ. ಕೊನೆಗೆ ಅದನ್ನೇ ಇಂಗ್ಲಿಷಿನಲ್ಲಿ ಒಡತಿಗೂ ಹೇಳಿದೆ, ಅವಳ ಮನೆ ಯಾಕೆ ಮುಳುಗುತ್ತಿದೆ ಎಂದು ಅವಳಿಗೇ.

ಆಕೆ ಮರ್ಯಾದೆಯಿಂದ ಪೂರ್ತಿ ಕೇಳಿದಳು. ಆಮೇಲೆ ವಾಹ್ಯುವಿಗೆ ಏನೋ ಹೇಳಿದಳು. ಅವನು ತಲೆ ಕೆರೆದುಕೊಂಡ.

"ಸಾರ್, ನೀವು ಹೇಳುವ ಹಾಸು ನುಗ್ಗುವುದು ದಕ್ಷಿಣ ಸಮುದ್ರದಲ್ಲಂತೆ. ಇದು ಉತ್ತರದ ದಂಡೆ. ಇಲ್ಲಿ ಕೆಳಗೆ ಬರೀ ಮೆತ್ತನೆಯ ಕೆಸರು. ಕಾರ್ಖಾನೆಗಳು, ದೊಡ್ಡ ಹೋಟೆಲುಗಳು ಆಳದ ಬಾವಿ ತೋಡಿ ನೀರು ಎಳೆದವು. ನೀರು ಹೋದ ಕೆಸರು ಕುಗ್ಗಿತು. ಅಲೆ ತಡೆಯುತ್ತಿದ್ದ ದಂಡೆಯ ಗಿಡಗಳನ್ನು ಸಿಗಡಿ ಸಾಕುವ ಹೊಂಡಕ್ಕಾಗಿ ಕಡಿದರು. ಇವರ ಮಗಳು ಶಾಲೆಯಲ್ಲಿ ಇದನ್ನೇ ಪಾಠ ಮಾಡುತ್ತಾಳಂತೆ."

ಮಾಮ ಕೇಳಿದ: "ಏನಂದ್ಳು?"

ಆ ಕ್ಷಣ ಸುಳ್ಳು ಹೇಳಬಹುದಿತ್ತು. ಇಂಗ್ಲಿಷು ನನ್ನೊಬ್ಬನಿಗೇ ಚೆನ್ನಾಗಿ ಬರುತ್ತಿದ್ದದ್ದು. "ನಾ ಹೇಳಿದ್ದು ತಪ್ಪಂತ" ಎಂದೆ.

"ಅಂದ್ರ ಶೇಷಂದೂ ಅಲ್ಲ, ನಿಂದೂ ಅಲ್ಲ" ಎಂದ ಮಾಮ. "ಬೋರಿಂದು."

ಗುರುಪಾದಪ್ಪನವರು ನಗಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಹಾವಿನ ಕತೆ ನಂಬಿದವರಿಗಿಂತ ನಾನು ಯಾವ ಬಗೆಯಲ್ಲಿ ಮೇಲು? ಒಂದು ದೊಡ್ಡ ಕಾರಣ ಕೈಯಲ್ಲಿದೆ ಎಂದು ಕಂಡದ್ದಕ್ಕೆಲ್ಲ ಅದನ್ನೇ ಅಂಟಿಸಿದೆ. ಅದಕ್ಕಿಂತಲೂ ಹೆಚ್ಚು ಸಿಟ್ಟು ಬಂದದ್ದು ಆಮೇಲೆ ಯೋಚಿಸಿದಾಗ. ತುಂಗಭದ್ರೆ ನಮ್ಮ ಊರುಗಳನ್ನು ನುಂಗಿದಾಗ ಯಾರೂ ಶೇಷನ ಹೆಸರು ಹೇಳಲಿಲ್ಲ, ಅಣೆಕಟ್ಟು ಕಟ್ಟಿದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಇಲ್ಲಿ ಬಾವಿ ತೋಡಿದವರ ಹೆಸರು ಹೇಳದೆ, ತಪ್ಪನ್ನು ಭೂಮಿಯ ಮೇಲೆ ಹಾಕಿ ಅವರು ಕೈ ತೊಳೆದುಕೊಳ್ಳಲು ಓದಿದ ನಾನೇ ದಾರಿ ಮಾಡಿಕೊಡುತ್ತಿದ್ದೆ.

ಪ್ರಂಬನನ್

ಬಸ್ಸು ದಕ್ಷಿಣಕ್ಕೆ ಇಳಿದು ಯೋಗ್ಯಕರ್ತಾ ಸೀಮೆಗೆ ಬಂತು. ಹಿಂದಿನ ವರ್ಷ ಮೇ ತಿಂಗಳ ಬೆಳಗಿನ ಜಾವ ಅಲ್ಲಿ ಭೂಕಂಪವಾಗಿತ್ತು. ಪ್ರಂಬನನ್‌ನಲ್ಲಿ ಸಾವಿರ ವರ್ಷ ದಾಟಿದ ಶಿವನ ಗುಡಿ ಇದೆ. ಲಿಂಗ ಕಟ್ಟಿದ ವ್ಯಾಪಾರಿಗಳೆಲ್ಲ ಬೆಳಿಗ್ಗೆಯೇ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಬಂದಿದ್ದರು. ಬಂದು ನೋಡಿದರೆ ಗುಡಿಯ ಸುತ್ತ ಬೇಲಿ. ಕಲ್ಲು ಸಡಿಲವಾಗಿವೆ, ಒಳಗೆ ಬಿಡುವುದಿಲ್ಲ.

ಗುರುಪಾದಪ್ಪನವರು ಬೇಲಿಯ ಹೊರಗಿನಿಂದಲೇ ಕೈ ಮುಗಿದರು. ಅಲ್ಲಿದ್ದ ಕಾವಲುಗಾರ ಅವರನ್ನು ನೋಡಿ ಟೋಪಿ ತೆಗೆದು ನಿಂತ. ಅಲ್ಲಿಯವರೆಗೆ ಚೆನ್ನಾಗಿತ್ತು. ಆದರೆ ಮಾಮ ಬಿದ್ದ ಕಲ್ಲುಗಳ ಸಾಲನ್ನು ನೋಡಿ, "ಗಾರಿ ಇಲ್ದ ಕಟ್ಟ್ಯಾರ. ಸಿಮೆಂಟ್ ಹಾಕಿದ್ರ ಒಂದು ಕಲ್ಲೂ ಬೀಳ್ತಿದ್ದಿಲ್ಲ" ಎಂದ.

"ಸಾವಿರ ವರ್ಷ ನಿಂತೈತ್ರಿ ಮಾಮ."

"ನಿಂತದ್ದು ಭಾರಕ್ಕ. ನೋಡು, ಎಷ್ಟು ಭಾರ ಐತಿ."

ಬಿದ್ದದ್ದಕ್ಕೆ ಸಿಮೆಂಟಿಲ್ಲದ್ದು ಕಾರಣ, ನಿಂತದ್ದಕ್ಕೆ ಭಾರ ಕಾರಣ. ನೆಲ ಅಲುಗುವುದು ಪಕ್ಕಕ್ಕೆ, ಭಾರ ಹೆಚ್ಚಿದಷ್ಟೂ ಗೋಡೆಯನ್ನು ಪಕ್ಕಕ್ಕೆ ತಳ್ಳುವ ಬಲವೂ ಹೆಚ್ಚು ಎಂದೆ. ತಲೆಯ ಮೇಲೆ ತುಂಬಿದ ಕೊಡ ಇಟ್ಟುಕೊಂಡವಳನ್ನೂ ಖಾಲಿ ಕೊಡದವಳನ್ನೂ ಒಟ್ಟಿಗೆ ದೂಡಿದರೆ ಯಾರು ಮೊದಲು ಬೀಳುತ್ತಾರೆ ಎಂದು ಕೇಳಿದೆ.

"ನೀ ಯಾಕ ಹೆಣ್ಮಕ್ಕಳನ್ನ ದೂಡ್ತಿ?" ಎಂದ ಮಾಮ. ಇಡೀ ತಂಡ ನಕ್ಕಿತು.

ಹೆಸರು ಮರೆತ ಹಳ್ಳಿ

ಮಧ್ಯಾಹ್ನ ವಾಹ್ಯು ನಮ್ಮನ್ನು ಬಂತುಲ್ ಕಡೆಯ ಒಂದು ಹಳ್ಳಿಗೆ ಕರೆದೊಯ್ದ. ಬರೆದಿಟ್ಟುಕೊಳ್ಳಲು ಪುಸ್ತಕವಿಲ್ಲದೆ ಊರಿನ ಹೆಸರು ಮರೆತುಹೋಯಿತು. ಹೊಸ ಮನೆಗಳಿಗೆ ಸಿಮೆಂಟು ಹೇಗೆ ಬಳಸುತ್ತಿದ್ದಾರೆ ತೋರಿಸು ಎಂದು ಕಂಪನಿಯವರು ಅವನಿಗೆ ಹೇಳಿದ್ದರು. ನಮ್ಮವರಿಗೆ ಬೇಕಾಗಿದ್ದು ಬೇರೆ. ಬಸ್ಸು ಇಳಿದವರೇ ಕ್ಯಾಮೆರಾ ತೆಗೆದು, "ಭೂಮಿ ಬಾಯಿ ಬಿಟ್ಟಿದ್ದು ಎಲ್ಲೈತಿ ಕೇಳು" ಎಂದು ನನಗೆ ಗಂಟುಬಿದ್ದರು. ಭೂಮಿ ಸೀಳಿ ಜನರನ್ನು ನುಂಗಿ ಮುಚ್ಚಿಕೊಳ್ಳುತ್ತದೆ ಎಂದು ಅವರೆಲ್ಲರ ನಂಬಿಕೆ. ಅಂಥದ್ದೇನೂ ಇಲ್ಲಿ ಆಗಲಿಲ್ಲ ಎಂದು ವಾಹ್ಯು ಹೇಳಿದಾಗ ಅವರ ಮುಖ ಸಪ್ಪಗಾಯಿತು. ಬಿರುಕಿಲ್ಲದ ಭೂಕಂಪ ನೋಡಲು ಇಷ್ಟು ದೂರ ಬಂದೆವೇ ಎನ್ನುವ ಹಾಗೆ. ನನಗೆ ನಾಚಿಕೆಯಾಯಿತು. ಮನೆ ಕಳಕೊಂಡವರ ಅಂಗಳದಲ್ಲಿ ನಿಂತು ಬಿರುಕು ಹುಡುಕುತ್ತಿದ್ದೆವು.

ಆ ಅಂಗಳ ಸುರ್ತಿಯವರದು. ಐವತ್ತರ ಹತ್ತಿರದ ಹೆಂಗಸು. ನಮ್ಮನ್ನು ನೋಡಿ ಬೇಸರಪಡದೆ ಚಾಪೆ ಹಾಸಿ, ಎಲ್ಲರಿಗೂ ಗಾಜಿನ ಲೋಟದಲ್ಲಿ ಸಿಹಿ ಚಹಾ ಕೊಟ್ಟು, ತಾವು ಹೊಸ್ತಿಲ ಮೇಲೆ ಕುಳಿತರು. ಅವರ ಹಿಂದೆ ಬಿದಿರಿನ ತಟ್ಟಿಯ ಅಡುಗೆಮನೆ, ಹೊಗೆಗೆ ಕಪ್ಪಾದದ್ದು. ಮುಂದೆ ಬರೀ ಅಡಿಪಾಯ, ಅದರ ಪಕ್ಕ ಒಪ್ಪವಾಗಿ ಜೋಡಿಸಿದ ಹೆಂಚು.

ಅವರು ಹೇಳಿದ್ದರಲ್ಲಿ ಇಷ್ಟು ಮಾತ್ರ ನನ್ನ ಸೇರಿಕೆಯಲ್ಲ ಎಂದುಕೊಂಡಿದ್ದೇನೆ: ಮನೆ ಮೊದಲು ಪೂರ್ತಿ ಬಿದಿರಿನದೇ ಇತ್ತು. ಕೂಡಿಸಿ ಕೂಡಿಸಿ ಒಂದು ಇಟ್ಟಿಗೆ ಕೋಣೆ ಕಟ್ಟಿಸಿದರು, ಊರಲ್ಲಿ ನಾಲ್ಕು ಜನ ಮೆಚ್ಚುವ ಹಾಗೆ. ಒಳ್ಳೆಯ ಕೋಣೆಯೆಂದು ಅದನ್ನು ಅತ್ತೆಗೆ ಬಿಟ್ಟುಕೊಟ್ಟರು. ಆ ಬೆಳಿಗ್ಗೆ ಸುರ್ತಿ ಬಿದಿರಿನ ಅಡುಗೆಮನೆಯಲ್ಲಿ ನೀರು ಕಾಯಿಸುತ್ತಿದ್ದರು, ಅತ್ತೆ ಒಳ್ಳೆಯ ಕೋಣೆಯಲ್ಲಿದ್ದರು. ಅಡುಗೆಮನೆ ಮರದ ಕೊಂಬೆಯ ಹಾಗೆ ತೂಗಾಡಿ ನಿಂತಿತು. ಒಲೆಯ ಮೇಲಿನ ಪಾತ್ರೆಯಿಂದ ನೀರು ಚೆಲ್ಲಿತು, ಅಷ್ಟೇ. ಇಟ್ಟಿಗೆಯ ಕೋಣೆ ಅತ್ತೆಯ ಮೇಲೆ ಬಿತ್ತು.

ಇದಕ್ಕೆ ನಾನು ಏನೋ ಸೇರಿಸಿದೆ. "ಗೋಡಿ ಮ್ಯಾಲ ನೆಚ್ಚಿಗಿ ಇಟ್ಟಿದ್ದೇ ತಪ್ಪಾತು ಅಂತಾರ" ಎಂದು ಹೇಳಿದ ನೆನಪು. ಅವರು ಹಾಗೆ ಅಂದಿರಲಿಕ್ಕಿಲ್ಲ. ಮಾಮನ ಮುಖ ನೋಡುತ್ತ ಹೇಳಿದೆ.

ಮಾಮ ಮಾತ್ರ ವ್ಯಾಪಾರಿಯ ಪ್ರಶ್ನೆ ಕೇಳಿದ. "ಇಟ್ಟಿಗಿ ನಡುವ ಸಿಮೆಂಟ್ ಇತ್ತೇನು ಕೇಳು."

ಸುಣ್ಣ, ಮಣ್ಣು ಎಂದರು. ಮೂಲೆಯಲ್ಲಿ ಕಂಬವಿರಲಿಲ್ಲ, ಕಬ್ಬಿಣವಿರಲಿಲ್ಲ.

"ನೋಡ್ಲೇ, ಅದಕ್ಕ" ಎಂದ ಮಾಮ, ಗೆದ್ದವನ ಹಾಗೆ.

ಚಹಾದ ಲೋಟ ಕೆಳಗಿಟ್ಟು ನಾನು ಎದ್ದುಬಿಟ್ಟೆ. ಆ ಹೆಂಗಸಿನ ಎದುರೇ ದನಿ ಎತ್ತಿದೆ. "ನಿಮ್ಮ ಗೋಡಿಯಾಗ ಸಿಮೆಂಟ್ ಐತೇನ್ರಿ? ಕಂಬ ಐತೇನು? ಕಬ್ಬಿಣ ಐತೇನು? ಇಡೀ ತಾಲ್ಲೂಕಿಗೆ ಮಾರ್ತೀರಿ, ನಿಮ್ಮ ಗೋಡಿಯಾಗ ಒಂದು ಚೀಲ ಇಲ್ಲ." ಗುರುಪಾದಪ್ಪನವರು ನನ್ನ ತೋಳು ಹಿಡಿದು, "ಕುಂದ್ರಪ, ಬ್ಯಾರೆಯವರ ಮನಿ ಅಂಗಳ ಇದು" ಎಂದರು. ಕುಳಿತೆ.

ಮಾಮ ಎದ್ದು ಹೋಗಿ ಜೋಡಿಸಿದ ಹೆಂಚಿನಲ್ಲಿ ಒಂದನ್ನು ಕೈಗೆತ್ತಿಕೊಂಡ. ತೂಕ ನೋಡುವುದು ಅವನ ಕೈಗೆ ಅಭ್ಯಾಸ. ಚೀಲ ಎತ್ತಿದರೆ ಎಷ್ಟು ಕಡಿಮೆ ಇದೆ ಎಂದು ಹೇಳಿಬಿಡುತ್ತಾನೆ. ಹೆಂಚನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿದ. ಗೈಡಿಗೆ ತಾನೇ, ಕೈಸನ್ನೆ ಮಾಡಿ ಕೇಳಿದ: ಮೇಲೆ ಇದಿಷ್ಟೇ ಇದ್ದದ್ದಾ? ವಾಹ್ಯು ಹೌದೆಂದು ತಲೆಯಾಡಿಸಿದ.

"ಇದರ ಮ್ಯಾಲ ಮಣ್ಣು?" ಎಂದು ಮಾಮ ನನ್ನ ಕಡೆ ತಿರುಗಿದ. "ಮಣ್ಣು ಹಾಕಿದ್ರೇನು ಕೇಳು."

ಕೇಳಿದೆ. ಈ ಸಲ ಒಂದಕ್ಷರ ಸೇರಿಸಲಿಲ್ಲ. ಸುರ್ತಿಯವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ವಾಹ್ಯು ಎರಡನೆಯ ಸಲ ಹೇಳಿದಾಗ ಅವರು ಮಾಮನನ್ನೇ ನೋಡಿ ಕೇಳಿದರು: ನಿಮ್ಮ ದೇಶದಲ್ಲಿ ಮನೆಯ ಮೇಲೆ ಮಣ್ಣು ಹಾಕುತ್ತಾರೆಯೇ? ಯಾಕೆ?

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಮಾಮ ಕೈಯಲ್ಲಿದ್ದ ಹೆಂಚನ್ನು ತಿರುಗಿಸಿ ನೋಡಿದ.

"ಬಿಸಿಲಿಗೆ ಅಂತ ಹೇಳು" ಎಂದ. "ತಂಪಿರ್ತೈತಿ."

ಸುರ್ತಿ ತಲೆಯಾಡಿಸಿದರು. ತಮ್ಮ ಬಿದಿರಿನ ಅಡುಗೆಮನೆಯೂ ತಂಪಿರುತ್ತದೆ ಎಂದರು. ಮಾಮ ಹೆಂಚನ್ನು ತೆಗೆದಲ್ಲೇ ಜೋಡಿಸಿಟ್ಟ.

ವಾಪಸು ಬರುವ ಬಸ್ಸಿನಲ್ಲಿ ನಾನು ಸೆಮರಾಂಗಿನ ಲಾಡ್ಜಿನ ಬಗ್ಗೆ ಹೇಳಿದೆ. ಅಲ್ಲಿಯವರು ಪಾಪ ಕಾಲಡಿ ಮಣ್ಣು ಹಾಕಿಕೊಳ್ಳುತ್ತಾರೆ, ನಾವು ನೆತ್ತಿಯ ಮೇಲೆ ಹಾಕಿಕೊಳ್ಳುತ್ತೇವೆ. ಅವರಿಗೆ ಸಮುದ್ರ ಬಲವಂತ ಮಾಡಿದೆ, ನಮಗೆ ಯಾರೂ ಮಾಡಿಲ್ಲ. ಮಾಮ ಕಿಟಕಿಯ ಹೊರಗೆ ನೋಡುತ್ತಿದ್ದ. ಕೇಳಿಸಿಕೊಂಡನೋ ಇಲ್ಲವೋ ತಿಳಿಯದು.

ಮತ್ತೆ ತಂಬ್ರಹಳ್ಳಿ

ಬಂದ ಮೇಲೆ ಮಾಮ ಎಲ್ಲರಿಗೂ ಜಾವಾದ ಕತೆ ಹೇಳಿದ: ಬೀದಿಯ ನೀರು, ಶಿವನ ಗುಡಿ, ನಾನು ಜಾರಿ ಬಿದ್ದದ್ದು. ಸುರ್ತಿಯ ಕತೆ ಹೇಳಲಿಲ್ಲ. ಸ್ಲ್ಯಾಬ್ ಹಾಕುವ ದಿನ ಹತ್ತಿರ ಬಂತು. ನಾನು ಕೂಡ್ಲಿಗಿಯಿಂದ ಅಕ್ಕನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ, ಅತ್ತೆಗೆ ಒಳ್ಳೆಯ ಕೋಣೆ ಬಿಟ್ಟುಕೊಟ್ಟದ್ದನ್ನೂ. ಅಕ್ಕನ ಮನೆಯಲ್ಲಿ ನಡುವಿನ ಅಂಕಣದ ಕೋಣೆಯೇ ಒಳ್ಳೆಯದು, ಬೇಸಿಗೆಯಲ್ಲಿ ಅಲ್ಲೇ ತಂಪು. ಇಬ್ಬರು ಹುಡುಗಿಯರನ್ನು ಅಲ್ಲಿ ಮಲಗಿಸಿ ತಾನು ಪಡಸಾಲೆಯಲ್ಲಿ ಮಲಗುತ್ತಿದ್ದಳು.

ಆ ದಿನ ನಾನು ಜಗಳವಾಡಲೆಂದೇ ಮೊದಲ ಬಸ್ಸು ಹಿಡಿದು ತಂಬ್ರಹಳ್ಳಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಹೋಗಿ ನೋಡಿದರೆ ಗಾರೆಯವರು ಮಾಳಿಗೆ ಹತ್ತಿ ಸಲಿಕೆಯಿಂದ ಮಣ್ಣು ಕೀಳುತ್ತಿದ್ದಾರೆ. ಪುಟ್ಟಿ ತುಂಬಿ ಹಗ್ಗದಲ್ಲಿ ಇಳಿಸುತ್ತಿದ್ದಾರೆ. ಮನೆಯ ಮುಂದೆ ಆಗಲೇ ಮಣ್ಣಿನ ಗುಡ್ಡ.

ಪಕ್ಕದ ಮನೆಯವರು ಕೇಳಿದರು: "ಯಾಕ್ರೀ ಕೊಟ್ರೇಶಪ್ಪ, ಅಪ್ಪ ಹಾಕಿಸಿದ ಮಣ್ಣು ಇಳಸಾಕತ್ತೀರಿ?"

"ಗೆದ್ದಲ ಹತ್ತೈತ್ರಿ ತೊಲಿಗೆ. ನೋಡಬೇಕಾಗೈತಿ" ಎಂದ ಮಾಮ.

ತೊಲೆಗೆ ಗೆದ್ದಲು ಹತ್ತಿರಲಿಲ್ಲ. ಮುಳುಗಿದ ಊರಿನ ತೊಲೆಗಳು ಕಬ್ಬಿಣದ ಹಾಗಿದ್ದವು. ನನಗೆ ಮತ್ತೆ ಸಿಟ್ಟು ಬಂತು. ಸರಿಯಾದ ಕೆಲಸ, ಸುಳ್ಳು ಕಾರಣ. ಪಕ್ಕದ ಮನೆಯ ಮೇಲೂ ಅಷ್ಟೇ ಮಣ್ಣಿದೆ. ನಿಜವಾದ ಕಾರಣ ಹೇಳಿದ್ದರೆ ಅವರೂ ಯೋಚಿಸುತ್ತಿದ್ದರೋ ಏನೋ. ಈಗ ಅವರು ಗೆದ್ದಲಿಗೆ ಔಷಧಿ ಹೊಡೆಸಿ ಮೇಲೆ ಇನ್ನೊಂದು ಪದರ ಹಾಕಿಸುತ್ತಾರೆ. ಇದನ್ನು ಒಳಗೆ ಹೋಗಿ ಅಕ್ಕನ ಮುಂದೆ ಹೇಳಿದೆ.

ಅಕ್ಕ ಪಾತ್ರೆಗಳ ಮೇಲೆ ಬಿದ್ದ ಧೂಳು ಒರೆಸುತ್ತಿದ್ದಳು. "ಮೂರು ದಿನ ಆತು, ಈ ಮನುಷ್ಯ ಊಟಕ್ಕ ಕುಂತಾಗೆಲ್ಲ ಮ್ಯಾಲ ನೋಡ್ತಾನ" ಎಂದಳು. "ಕಾರಣ ಯಾವುದಾದ್ರ ಏನಲೇ? ಇಳಿಯಾಕತ್ತೈತಲ್ಲ. ನಿಂಗ ಪಕ್ಕದ ಮನಿಯವ್ರಿಗೆ ಹೇಳಬೇಕಂದ್ರ ಹೋಗಿ ಹೇಳು. ಬಾಯಿ ಐತಲ್ಲ."

ಹೋಗಿ ಹೇಳಿದೆ. ಅವರು ನೀರು ಕೊಟ್ಟು, ಕೂರಿಸಿ, ಪೂರ್ತಿ ಕೇಳಿ, "ಗುಡೇಕೋಟಿ ಗುಡ್ಡ ನೋಡೀರೇನ್ರಿ?" ಎಂದರು.

ಸ್ಲ್ಯಾಬ್ ಹಾಕುವುದು ನಿಂತಿತು. ಆ ಗೋಡೆಗಳ ಮೇಲೆ ಅದೂ ಬೇಡವೆಂದು ಮಾಮನೇ ಹೇಳಿದ, ಇನ್ನೊಂದು ಸುಳ್ಳು ಕಾರಣ ಕೊಟ್ಟು. ತೊಲೆಗಳ ಮೇಲೆ ತಗಡು ಹಾಕಿಸಿ, ಕೆಳಗೆ ಬಿದಿರಿನ ತಟ್ಟಿ ಕಟ್ಟಿಸಿದ. ಈಗ ಮಧ್ಯಾಹ್ನ ಒಳಗೆ ಕೂರಲಾಗುವುದಿಲ್ಲ ಎಂದು ಹುಡುಗಿಯರು ನನ್ನನ್ನು ಬೈಯುತ್ತಾರೆ. ಗೋಡೆಗಳು ಇನ್ನೂ ಕಲ್ಲು ಮಣ್ಣಿನವೇ. ಅದಕ್ಕೆ ಬೇರೆ ಜಗಳ ನಡೆದಿದೆ.

ಜಾವಾದಲ್ಲಿ ಕೇಳಿದ್ದರಲ್ಲಿ ಎಷ್ಟು ಸರಿಯಾಗಿ ನೆನಪಿದೆಯೋ ಗೊತ್ತಿಲ್ಲ. ಆದರೆ ಆ ದಿನ ಮಣ್ಣು ಪೂರ್ತಿ ಕೀಳುವ ಮೊದಲು ನಾನು ಗಾರೆಯವರ ಟೇಪು ಇಸಿದುಕೊಂಡು ಏಣಿ ಹತ್ತಿದೆ. ಕಡಿದ ಅಂಚಿನಲ್ಲಿ ವರ್ಷವರ್ಷದ ಪದರಗಳು ಒಂದರ ಮೇಲೊಂದು ಕಾಣುತ್ತಿದ್ದವು. ಪಡಸಾಲೆಯ ಮೇಲೆ ಒಂದು ಅಡಿ ಮೂರು ಇಂಚು. ಹುಡುಗಿಯರು ಮಲಗುತ್ತಿದ್ದ ನಡುವಿನ ಅಂಕಣದ ಮೇಲೆ ಎರಡು ಅಡಿಗೆ ಒಂದು ಇಂಚು ಕಡಿಮೆ. ಎರಡು ಸಲ ಅಳೆದೆ. ಎರಡನೆಯ ಸಲ ಟೇಪಿನ ಇನ್ನೊಂದು ತುದಿ ಮಾಮ ಹಿಡಿದಿದ್ದ.